ಜಾರುವ ವಿದ್ಯೆ

ಅರುವತ್ತು ದಾಟಿದ ಮನುಷ್ಯನು ಹೊಸದಾಗಿ ಕಲಿಯಬಹುದಾದ ವಿದ್ಯೆಗಳು ಬೇಕಾದಷ್ಟಿವೆ. ವೀಣೆಯ ಮುಂದೆ ಕುಳಿತುಕೊಳ್ಳಬಹುದು, ಉಪನಿಷತ್ತುಗಳನ್ನು ತೆರೆಯಬಹುದು, ಹಿತ್ತಿಲಿನಲ್ಲಿ ನಾಲ್ಕು ಬದನೆಯ ಸಸಿ ನೆಟ್ಟು ಅವಕ್ಕೆ ಬೀಳುವ ಹುಳುಗಳ ವಿಷಯದಲ್ಲಿ ಪಂಡಿತನಾಗಬಹುದು. ಕಾಲಿಗೆ ಎರಡು ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ವಿದ್ಯೆಯನ್ನು ಆ ವಯಸ್ಸಿಗೆ ಯಾವ ಹಿರಿಯರೂ ವಿಧಿಸಿದಂತೆ ಕಾಣೆ. ಆದರೂ ೨೦೨೪ರ ಜನವರಿಯ ಮೊದಲ ವಾರದಲ್ಲಿ ನಾನು ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್ ಎಂಬ ಊರಿನ ದಿಬ್ಬವೊಂದರ ಮೇಲೆ ಆ ವೇಷದಲ್ಲಿಯೇ ನಿಂತಿದ್ದೆ. ನನ್ನ ಎಡಕ್ಕೆ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಬಲಕ್ಕೆ ಒಬ್ಬ ಶಸ್ತ್ರವೈದ್ಯರು. ಮುಂದೆ, ನಮ್ಮ ಮೊಮ್ಮಕ್ಕಳ ವಯಸ್ಸಿನ ಹತ್ತು ಹನ್ನೆರಡು ಮಕ್ಕಳು ಇರುವೆಯ ಸಾಲಿನಂತೆ ಸರಸರನೆ ಇಳಿದುಹೋಗುತ್ತಿದ್ದರು.

ನಾವು ನಾಲ್ವರು ಸ್ನೇಹಿತರು. ನಾಲ್ಕು ದಶಕಗಳ ಹಿಂದೆ ಮೈಸೂರಿನಲ್ಲಿ ಒಂದೇ ವಿದ್ಯಾರ್ಥಿನಿಲಯದ ಅನ್ನ ತಿಂದವರು. ಹೆಸರುಗಳನ್ನು ಬರೆದರೆ ಮೂವರೂ ಜಗಳಕ್ಕೆ ಬರುತ್ತಾರಾದ್ದರಿಂದ ಮೇಷ್ಟ್ರು, ಡಾಕ್ಟರು, ಇಂಜಿನಿಯರು ಎಂದೇ ಕರೆಯುತ್ತೇನೆ. ಮಾತಿನಲ್ಲಿ ನಮ್ಮೊಳಗೆ ಏಕವಚನವೇ. ಬರಹದಲ್ಲಿ ಮಾತ್ರ ಅವರಿಗೆ ಈ ಬಹುವಚನದ ಮರ್ಯಾದೆ. ಇಂಜಿನಿಯರು ಮೂವತ್ತು ವರ್ಷಗಳಿಂದ ಜ್ಯೂರಿಕ್ ನಗರದಲ್ಲಿ ನೆಲಸಿದ್ದಾರೆ. "ಒಂದು ಚಳಿಗಾಲ ಬನ್ನಿ, ಸ್ಕೀ ಕಲಿಸುತ್ತೇನೆ" ಎಂದು ಅವರು ಕರೆಯುವುದೂ, "ಮುಂದಿನ ವರ್ಷ ನೋಡೋಣ" ಎಂದು ನಾವು ಹೇಳುವುದೂ ಒಂದು ಸಂಪ್ರದಾಯವೇ ಆಗಿಹೋಗಿತ್ತು. ಅದನ್ನು ಮುರಿದವರು ಡಾಕ್ಟರು. ಹಿಂದಿನ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ದೂರವಾಣಿಯಲ್ಲಿ, "ಈ ಜನವರಿಯಲ್ಲಿ ಹೊರಡೋಣ ಕಣೋ" ಎಂದರು. ನಾನು ವಾಡಿಕೆಯಂತೆ ಮುಂದಿನ ವರ್ಷದ ಮಾತೆತ್ತಿದೆ. "ಮುಂದಿನ ವರ್ಷ ಬೇಡ, ಈ ವರ್ಷವೇ" ಎಂದು ಫೋನನ್ನು ಕೆಳಗಿಟ್ಟರು. ಶಸ್ತ್ರಚಿಕಿತ್ಸೆಯನ್ನು ಅವರು ಆ ಬೇಸಗೆಯಲ್ಲಿಯೇ ನಿಲ್ಲಿಸಿದ್ದರು. "ಇನ್ನು ಹುಡುಗರು ಮಾಡಲಿ" ಎಂದಿದ್ದರು. ಸಾಕಷ್ಟು ದುಡಿದಿದ್ದಾನೆ, ಈಗ ಸುಖಪಡುವ ಮನಸ್ಸಾಗಿದೆ ಎಂದು ನಾವು ಹಾಸ್ಯ ಮಾಡಿದ್ದೆವು.

ಗ್ರಿಂಡೆಲ್‌ವಾಲ್ಡ್ ಸಮುದ್ರಮಟ್ಟದಿಂದ ಸುಮಾರು ೧೦೩೪ ಮೀಟರು ಎತ್ತರದಲ್ಲಿರುವ ಊರು. ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನ ಎತ್ತರವೇ. ಆದರೆ ಊರಿನ ನೆತ್ತಿಯ ಮೇಲೆಯೇ ಐಗರ್ ಎಂಬ ೩೯೬೭ ಮೀಟರಿನ ಶಿಖರ ಕಪ್ಪು ಗೋಡೆಯಂತೆ ಎದ್ದುನಿಂತಿದೆ. ಅದರ ಸಾಲಿನಲ್ಲಿಯೇ ಮೋಂಖ್, ಆಮೇಲೆ ಯುಂಗ್‌ಫ್ರಾವ್. ಮೋಂಖ್ ಎಂದರೆ ಸಂನ್ಯಾಸಿ. ಯುಂಗ್‌ಫ್ರಾವ್ ಎಂದರೆ ಕನ್ಯೆ. ಐಗರ್ ಎಂದರೆ ರಾಕ್ಷಸನೆಂದು ಜನ ಹೇಳುತ್ತಾರೆ. ರಾಕ್ಷಸನಿಂದ ಕನ್ಯೆಯನ್ನು ಕಾಪಾಡಲು ಸಂನ್ಯಾಸಿ ನಡುವೆ ನಿಂತಿದ್ದಾನಂತೆ. "ನಮ್ಮ ಪುರಾಣಗಳಲ್ಲಿ ಆ ಸಂನ್ಯಾಸಿಯನ್ನೂ ನಂಬುವಂತಿಲ್ಲ" ಎಂದರು ಮೇಷ್ಟ್ರು.

ಮೊದಲ ದಿನ ಸಲಕರಣೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆವು. ಸ್ಕೀ ಬೂಟನ್ನು ಹಾಕಿಕೊಂಡು ನೋಡದವರಿಗೆ ಅದರ ವರ್ಣನೆ ತಿಳಿಯಲಾರದು. ಮೊಣಕಾಲಿನ ಅರ್ಧದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಮೂರು ನಾಲ್ಕು ಕೊಕ್ಕೆಗಳಿಂದ ಬಿಗಿದಮೇಲೆ ಕಾಲು ನಮ್ಮದಾಗಿ ಉಳಿಯುವುದಿಲ್ಲ. ಅಂಗಡಿಯ ಹುಡುಗ ಪ್ರತಿಯೊಬ್ಬರ ಎತ್ತರ, ತೂಕ, ವಯಸ್ಸುಗಳನ್ನು ಕೇಳಿ ಬರೆಸಿಕೊಂಡ. ಬಿದ್ದಾಗ ಹಲಗೆ ಬೂಟಿನಿಂದ ತಾನಾಗಿ ಕಳಚಿಕೊಳ್ಳಬೇಕು, ಇಲ್ಲವಾದರೆ ಮೂಳೆ ಮುರಿಯುತ್ತದೆ. ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕೆಂಬುದನ್ನು ಆ ಲೆಕ್ಕದಿಂದ ತಿರುಪು ತಿರುಗಿಸಿ ನಿಗದಿಮಾಡುತ್ತಾರೆ. ಡಾಕ್ಟರು ತುಂಬಿಕೊಟ್ಟ ಕಾಗದವನ್ನು ಹುಡುಗ ಬೆಳಕಿಗೆ ಹಿಡಿದು ನೋಡಿ, ಓದಲಾರದೆ, ಮತ್ತೆ ಕೇಳಿದ. ಅಕ್ಷರಗಳು ಸಾಸಿವೆಯ ಕಾಳಿನಷ್ಟಿದ್ದವು. ಸಾಲಿನ ಕೊನೆಗೆ ಹೋಗುತ್ತ ಇನ್ನೂ ಚಿಕ್ಕವಾಗಿದ್ದವು. "ವೈದ್ಯರ ಬರಹವನ್ನು ಓದಲು ಔಷಧದ ಅಂಗಡಿಯವನೇ ಬೇಕಪ್ಪ" ಎಂದು ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕೆವು.

ನಮಗೆ ಪಾಠ ಹೇಳಲು ಬಂದವಳು ಇಪ್ಪತ್ತೆರಡು ಇಪ್ಪತ್ತಮೂರರ ರೈತರ ಹುಡುಗಿ. ಬೇಸಗೆಯಲ್ಲಿ ತಂದೆಯ ಹಸುಗಳೊಡನೆ ಬೆಟ್ಟದ ಮೇಲಣ ಹುಲ್ಲುಗಾವಲಿನಲ್ಲಿರುತ್ತಾಳೆ. ಚಳಿಗಾಲದಲ್ಲಿ ಅದೇ ಹುಲ್ಲುಗಾವಲಿನ ಮೇಲೆ ಬಿದ್ದ ಹಿಮದಲ್ಲಿ ನಮ್ಮಂಥವರನ್ನು ಮೇಯಿಸುತ್ತಾಳೆ. ಅವಳು ಹೇಳಿಕೊಟ್ಟ ಮೊದಲ ಪಾಠ ಬೀಳುವುದು. ಪಕ್ಕಕ್ಕೆ ಬೀಳಬೇಕು, ಕೈಗೋಲುಗಳನ್ನು ದೂರ ಇಟ್ಟುಕೊಳ್ಳಬೇಕು. ಇದರಲ್ಲಿ ನಾನು ತರಗತಿಗೆ ಮೊದಲಿಗನಾದೆ. ಎರಡನೆಯದು ಏಳುವುದು, ಅದರಲ್ಲಿ ಕೊನೆಯವನು. ಮೂರನೆಯದು ನಿಲ್ಲುವುದು. ಹಲಗೆಗಳ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಅಗಲಕ್ಕೆ ತಳ್ಳಿದರೆ ಹಲಗೆಯ ಅಂಚುಗಳು ಹಿಮವನ್ನು ಕಚ್ಚಿ ವೇಗ ತಗ್ಗುತ್ತದೆ. ಇದಕ್ಕೆ ಜರ್ಮನ್ ಭಾಷೆಯಲ್ಲಿ ನೇಗಿಲು ಎಂದೇ ಹೆಸರು. ಹುಡುಗಿ "ನೇಗಿಲು! ನೇಗಿಲು!" ಎಂದು ಕೂಗಿದಾಗಲೆಲ್ಲ ಇಂಜಿನಿಯರು ಅದನ್ನು ಕನ್ನಡದಲ್ಲಿ ಪ್ರತಿಧ್ವನಿಸುತ್ತಿದ್ದರು. ಬ್ಯಾಂಕಿನ ಮೇಜಿನ ಹಿಂದೆ ಮೂವತ್ತೈದು ವರ್ಷ ಕಳೆದ ನಾನು, ಉತ್ತು ಬಿತ್ತದ ನನ್ನ ಕಾಲುಗಳಿಂದ, ಆಲ್ಪ್ಸ್ ಪರ್ವತವನ್ನು ಉಳುತ್ತ ಉಳುತ್ತ ಬೇಲಿಗೆ ಹೋಗಿ ಬಡಿದೆ.

ಆ ಹುಡುಗಿ ಒಂದು ಮಾತು ಹೇಳಿದಳು. ಹೆದರಿದ ಮನುಷ್ಯ ಹಿಂದಕ್ಕೆ ವಾಲುತ್ತಾನೆ. ಹಿಂದಕ್ಕೆ ವಾಲಿದೊಡನೆ ಹಲಗೆಗಳ ಮುಂಭಾಗ ಹಗುರವಾಗಿ ಅವು ಮಾತು ಕೇಳದೆ ಓಡುತ್ತವೆ. ಇಳಿಜಾರು ಎಷ್ಟು ಕಡಿದೋ ಅಷ್ಟೂ ಮುಂದಕ್ಕೆ ಬಾಗಬೇಕು. ಬುದ್ಧಿಗೆ ಇದು ಒಪ್ಪಿತು, ಸೊಂಟಕ್ಕೆ ಒಪ್ಪಲಿಲ್ಲ. ನಮ್ಮಲ್ಲಿ ಮೊದಲು ಕಲಿತವರು ಡಾಕ್ಟರು. ಅವರು ನಡೆಯುವಾಗ ಈಚೆಗೆ ಯಾಕೋ ನಿಧಾನ. ಬಲಗೈ ಬೀಸುತ್ತಿರಲಿಲ್ಲ, ದೇಹಕ್ಕೆ ಅಂಟಿಕೊಂಡಂತಿತ್ತು. ಹಲಗೆಯ ಮೇಲೆ ನಿಂತೊಡನೆ ಮಾತ್ರ ಬೇರೆಯ ಮನುಷ್ಯರಾಗಿಬಿಟ್ಟರು. ಮೊದಲ ಸಂಜೆಯೇ ತಿರುವುಗಳನ್ನು ಹಾಕುತ್ತ ಕೆಳಗಿಳಿದು ಬಂದಾಗ ಅವರ ಮುಖದಲ್ಲಿದ್ದ ಹಿಗ್ಗನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಈ ಆಟ ಹುಟ್ಟಿದ್ದು ನಾರ್ವೆಯ ಕಡೆಯಲ್ಲಿ. ಸ್ಕೀ ಎಂಬುದು ಸೀಳಿದ ಮರದ ತುಂಡು ಎಂಬರ್ಥದ ಅಲ್ಲಿನ ಹಳೆಯ ಮಾತು. ಆಲ್ಪ್ಸ್‌ನಲ್ಲಿ ಇದನ್ನು ಪಂದ್ಯವನ್ನಾಗಿ ಬೆಳೆಸಿದವರಲ್ಲಿ ಮುಖ್ಯನಾದವನು ಆರ್ನಲ್ಡ್ ಲನ್ ಎಂಬ ಆಂಗ್ಲನು. ಅವನು ೧೮೮೮ರಲ್ಲಿ ಹುಟ್ಟಿದ್ದು ಮದರಾಸಿನಲ್ಲಿ! ತಂದೆ ಅಲ್ಲಿ ಕ್ರೈಸ್ತ ಪಾದ್ರಿಯಾಗಿದ್ದ. ನಾವಿದ್ದ ಊರಿನ ಆಚೆಯ ಕಣಿವೆಯ ಮೇಲಿರುವ ಮ್ಯೂರೆನ್ ಗ್ರಾಮದಲ್ಲಿ, ೧೯೨೨ರಲ್ಲಿ, ಕಂಬಗಳ ನಡುವೆ ತಿರುಗಿ ತಿರುಗಿ ಇಳಿಯುವ ಈಗಿನ ಸ್ಲಾಲಮ್ ಪಂದ್ಯವನ್ನು ಅವನು ಮೊದಲು ಏರ್ಪಡಿಸಿದ. ಅಲ್ಲಿಯೇ ೧೯೨೪ರಲ್ಲಿ ಸ್ಥಾಪಿತವಾದ ಅವನ ಸಂಘದ ಹೆಸರು ಕಂದಹಾರ್. ಆಫ್ಘನ್ ಯುದ್ಧದಿಂದ ಕಂದಹಾರದ ಬಿರುದು ಪಡೆದ ಸೇನಾಪತಿ ರಾಬರ್ಟ್ಸ್ ೧೯೧೧ರ ಇಳಿಜಾರಿನ ಪಂದ್ಯಕ್ಕೆ ಬಟ್ಟಲೊಂದನ್ನು ಕೊಟ್ಟಿದ್ದ. ಆ ಹೆಸರೇ ಅಂಟಿಕೊಂಡಿತು. ಆ ರಾಬರ್ಟ್ಸ್ ಹುಟ್ಟಿದ್ದು ಕಾನ್ಪುರದಲ್ಲಿ. ಇದನ್ನು ಕೇಳಿ ಮೇಷ್ಟ್ರಿಗೆ ಪರಮಾನಂದವಾಯಿತು. "ಹಾಗಾದರೆ ಇದು ನಮ್ಮ ಕಡೆಯವರ ಆಟವೇ" ಎಂದು ಹೇಳಿ ಎದ್ದುನಿಂತವರು ಆ ಕ್ಷಣವೇ ಮತ್ತೆ ಕುಳಿತರು, ಎಂದರೆ, ಬಿದ್ದರು.

ಮೇಷ್ಟ್ರ ವಿಷಯ ಇನ್ನೆರಡು ಮಾತು ಹೇಳಲೇಬೇಕು. ಅವರ ಪೆಟ್ಟಿಗೆಯಲ್ಲಿ ಅವಲಕ್ಕಿ, ಚಟ್ನಿಪುಡಿ, ಹುಳಿಪುಡಿಗಳ ಜೊತೆಗೆ ಎರಡು ಕಿಲೋ ಕಾಫಿಪುಡಿಯೂ ಒಂದು ಹಿತ್ತಾಳೆಯ ಫಿಲ್ಟರೂ ಬಂದಿದ್ದವು. ಒಂದು ಫ್ರಾಂಕಿಗೆ ಆಗ ನೂರಕ್ಕೆ ಸಮೀಪದ ರೂಪಾಯಿ. ಹೋಟೆಲಿನ ಒಂದು ಬಟ್ಟಲು ಕಾಫಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದ ಮೇಲೆ ಅವರು ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಅಡಿಗೆಕೋಣೆಯನ್ನು ವಶಪಡಿಸಿಕೊಂಡರು. ಊಟದ ವಿಷಯದಲ್ಲಿ ಶುದ್ಧ ಸಸ್ಯಾಹಾರಿ. ಕಾಯಿಸಿದ ಚೀಸಿನಲ್ಲಿ ರೊಟ್ಟಿಯ ತುಂಡುಗಳನ್ನು ಅದ್ದಿ ತಿನ್ನುವ ಆ ನಾಡಿನ ಫಾಂಡ್ಯೂವನ್ನು ಎರಡು ರಾತ್ರಿ ಮೆಚ್ಚಿ ಮೆಚ್ಚಿ ತಿಂದರು. ಮೂರನೆಯ ದಿನ ಇಂಜಿನಿಯರು, ಅಲ್ಲಿನ ಸಾಂಪ್ರದಾಯಿಕ ಚೀಸಿಗೆ ಹಾಕುವ ಹೆಪ್ಪು ಕರುವಿನ ಜಠರದಿಂದ ಬರುತ್ತದೆಂಬ ಸತ್ಯವನ್ನು, ಹೇಳದೆಯೂ ಇರಬಹುದಾಗಿದ್ದ ಸತ್ಯವನ್ನು, ಹೇಳಿಬಿಟ್ಟರು. ಮೇಷ್ಟ್ರು ಆ ರಾತ್ರಿ ಅವಲಕ್ಕಿಗೆ ಮರಳಿದರು. ಎರಡು ದಿನ ಇಂಜಿನಿಯರಿಗೆ ಕಾಫಿ ಕೊಡಲಿಲ್ಲ.

ಡಾಕ್ಟರಿಗೆ ಮಾತ್ರ ಅವರು ಮೊದಲ ದಿನದಿಂದಲೇ ಅರ್ಧ ಲೋಟ ಕಾಫಿ ಕೊಡುತ್ತಿದ್ದರು. ನಮಗೆ ಕಂಠಮಟ್ಟ; ಅವರಿಗೆ ಅರ್ಧ. "ಏನೋ ಜಿಪುಣ, ನನಗೊಬ್ಬನಿಗೆ ಯಾಕೆ ಈ ಪಥ್ಯ?" ಎಂದು ಡಾಕ್ಟರು ರೇಗುತ್ತಿದ್ದರು. "ಆರಿಹೋಗುತ್ತದೆ ಕಣೋ, ಕುಡಿ, ಮತ್ತೆ ಬಿಸಿಯಾಗಿ ಹಾಕುತ್ತೇನೆ" ಎನ್ನುತ್ತಿದ್ದರು ಮೇಷ್ಟ್ರು. ಹಾಕುತ್ತಲೂ ಇದ್ದರು.

ಒಂದು ದಿನ ಕಣಿವೆಯಲ್ಲಿ ಹಿಮದ ಬದಲು ಮಳೆ ಬಂತು. ಸ್ಕೀ ಮಾಡುವಂತಿಲ್ಲ, ರೈಲು ಹಿಡಿದು ಪಕ್ಕದ ಲೌಟರ್‌ಬ್ರುನ್ನೆನ್ ಕಣಿವೆಗೆ ಹೋದೆವು. ಅಲ್ಲಿ ಊರಿನ ಮಗ್ಗುಲಲ್ಲಿಯೇ ಶ್ಟೌಬ್‌ಬಾಖ್ ಎಂಬ ಜಲಪಾತವಿದೆ. ಧೂಳಿನ ತೊರೆ ಎಂದು ಅದರ ಅರ್ಥ. ೨೯೭ ಮೀಟರು ಎತ್ತರದ ಬಂಡೆಯಿಂದ ಬೀಳುವ ನೀರು ನೆಲವನ್ನು ಮುಟ್ಟುವ ಮೊದಲೇ ಗಾಳಿಗೆ ಪುಡಿಪುಡಿಯಾಗುತ್ತದೆ. ಜರ್ಮನ್ ಮಹಾಕವಿ ಗಯಟೆ ೧೭೭೯ರಲ್ಲಿ ಇದನ್ನು ಕಂಡು ಕವಿತೆ ಬರೆದನು. ನಮ್ಮ ಜೋಗದ ಎತ್ತರ ೨೫೩ ಮೀಟರು. ಈ ಎರಡು ಅಂಕೆಗಳ ಮೇಲೆ ಛತ್ರಿಯ ಕೆಳಗೆ ಅರ್ಧ ಗಂಟೆ ವಾದವಾಯಿತು. ನಾವು ಹೋದಾಗ ಚಳಿಗಾಲದ ನೀರು ನೂಲಿನಷ್ಟೇ ಇತ್ತು. ಬಂಡೆಯ ಅಂಚಿನಲ್ಲಿ ಉಳಿದದ್ದು ಮಂಜುಗಡ್ಡೆಯಾಗಿ ತೂಗುತ್ತಿತ್ತು. "ಎತ್ತರವೇನೋ ಇರಬಹುದು, ಶರಾವತಿಯ ಗಂಭೀರ ಸದ್ದೆಲ್ಲಿ?" ಎಂದು ನಾನು ಅಭಿಮಾನದಿಂದ ಹೇಳಿದೆ. ಅಣೆಕಟ್ಟು ಕಟ್ಟಿದ ಮೇಲೆ ಜನವರಿಯಲ್ಲಿ ನಮ್ಮ ಜೋಗದ ಸದ್ದು ಎಷ್ಟೆಂಬುದನ್ನು ಡಾಕ್ಟರು ನೆನಪಿಸಿದರು. ಸುಮ್ಮನಾದೆ.

ಮರುದಿನ ಆಕಾಶ ತೊಳೆದಂತಾಗಿತ್ತು. ಇಂಥ ದಿನವನ್ನು ಕಳೆದುಕೊಳ್ಳಬಾರದೆಂದು ಯುಂಗ್‌ಫ್ರಾವ್‌ಯೋಖ್‌ಗೆ ಹೊರಟೆವು. ಅದು ೩೪೫೪ ಮೀಟರು ಎತ್ತರದಲ್ಲಿರುವ ರೈಲುನಿಲ್ದಾಣ. ಯೂರೋಪಿನಲ್ಲಿ ಅದಕ್ಕಿಂತ ಎತ್ತರದ ನಿಲ್ದಾಣವಿಲ್ಲ. ಊರಿನಿಂದ ಐಗರ್ ಹಿಮನದಿಯ ನಿಲ್ದಾಣದವರೆಗೆ, ೨೦೨೦ರ ಡಿಸೆಂಬರಿನಲ್ಲಿ ಆರಂಭವಾದ ಹಗ್ಗದ ತೊಟ್ಟಿಲಿನಲ್ಲಿ ಕಾಲು ಗಂಟೆ. ಅಲ್ಲಿಂದಾಚೆಗೆ ಹಲ್ಲುಗಂಬಿಯ ರೈಲು ಐಗರ್ ಮತ್ತು ಮೋಂಖ್ ಶಿಖರಗಳ ಹೊಟ್ಟೆಯೊಳಗೇ ಏಳು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಗುಯರ್‌-ಜೆಲ್ಲರ್ ಎಂಬ ಜ್ಯೂರಿಕ್ಕಿನ ಉದ್ಯಮಿಯ ಕನಸು ಅದು. ಕೆಲಸ ಶುರುವಾದದ್ದು ೧೮೯೬ರಲ್ಲಿ, ಮುಗಿದದ್ದು ೧೯೧೨ರಲ್ಲಿ. ಅವನು ೧೮೯೯ರಲ್ಲಿಯೇ ತೀರಿಕೊಂಡಿದ್ದ.

ರೈಲು ಕತ್ತಲೆಯಲ್ಲಿ ಏರುತ್ತಿದ್ದಾಗ ಇಂಜಿನಿಯರು ಒಂದು ಕಥೆ ಹೇಳಿದರು. ಐಗರಿನ ಉತ್ತರದ ಗೋಡೆಯನ್ನು ೧೯೩೮ರವರೆಗೆ ಯಾರೂ ಹತ್ತಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ನಾಲ್ವರು ತರುಣರು ಹೊರಟು, ಬಿರುಗಾಳಿಗೆ ಸಿಕ್ಕಿ, ಹಿಂದಿರುಗುವ ದಾರಿಯಲ್ಲಿ ಮೂವರು ಸತ್ತರು. ಉಳಿದವನು ಟೋನಿ ಕುರ್ಟ್ಸ್. ಇದೇ ಸುರಂಗದ ಕಿಂಡಿಯೊಂದರಿಂದ ಹೊರಬಂದ ಮಾರ್ಗದರ್ಶಿಗಳು ಅವನ ಕೆಳಗಡೆ ಬಂದು ನಿಂತರು. ಅವನ ಒಂದು ಕೈ ಹೆಪ್ಪುಗಟ್ಟಿತ್ತು. ಇನ್ನೊಂದು ಕೈಯಿಂದ ಗಂಟೆಗಟ್ಟಲೆ ಕೆಲಸಮಾಡಿ ಹಗ್ಗ ಇಳಿಬಿಟ್ಟು, ಅವರು ಕಟ್ಟಿಕೊಟ್ಟ ಹಗ್ಗವನ್ನು ಮೇಲೆಳೆದುಕೊಂಡು, ಇಳಿಯತೊಡಗಿದ. ಹಗ್ಗ ಸಾಲದೆ ಎರಡನ್ನು ಸೇರಿಸಿ ಗಂಟು ಹಾಕಿದ್ದರು. ಆ ಗಂಟು ಅವನ ಸೊಂಟದ ಕೊಂಡಿಯಲ್ಲಿ ತೂರಲಿಲ್ಲ. ಕೆಳಗಿದ್ದವರಿಗೆ ಕೆಲವೇ ಮೀಟರುಗಳ ದೂರ. ಬೆರಳುಗಳಿಂದ, ಹಲ್ಲಿನಿಂದ ಆ ಗಂಟಿನೊಡನೆ ಹೋರಾಡಿ, ಕೊನೆಗೆ ಇನ್ನಾಗದೆಂದು ಹೇಳಿ, ನೇತಾಡುತ್ತಲೇ ಪ್ರಾಣಬಿಟ್ಟ.

ನಾನೂ ಮೇಷ್ಟ್ರೂ ನಿಟ್ಟುಸಿರು ಬಿಟ್ಟೆವು. ಡಾಕ್ಟರು ಮಾತಾಡಲಿಲ್ಲ. ತೊಡೆಯ ಮೇಲಿದ್ದ ಬಲಗೈಯನ್ನು ಮೆಲ್ಲನೆ ಎತ್ತಿ ಕೋಟಿನ ಜೇಬಿನಲ್ಲಿಟ್ಟುಕೊಂಡರು.

ಮೇಲೆ ಕಂಡ ದೃಶ್ಯವನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ; ಛಾಯಾಚಿತ್ರಗಳಿವೆ. ಆಲೆಚ್ ಎಂಬ ಹಿಮನದಿ, ಆಲ್ಪ್ಸ್‌ನಲ್ಲಿ ಅತಿ ದೊಡ್ಡದು, ನಮ್ಮ ಕಾಲ ಬುಡದಿಂದ ಹೆದ್ದಾರಿಯಂತೆ ದಕ್ಷಿಣಕ್ಕೆ ಹರಿದುಹೋಗಿತ್ತು. ನೋಡುವ ಕಣ್ಣಿಗೆ ಅದು ಶಾಶ್ವತ. ಆದರೆ ೨೦೨೨ ಮತ್ತು ೨೦೨೩ ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವೆಂದು ಅಲ್ಲಿನ ವಿಜ್ಞಾನಿಗಳು ಅಳೆದು ಹೇಳಿದ್ದಾರೆ. ಕೆಳಗಿನ ಬಯಲುಗಳಲ್ಲಿ ಈಗ ಯಂತ್ರಗಳು ರಾತ್ರಿಯೆಲ್ಲ ನೀರನ್ನು ಸಿಂಪಡಿಸಿ ಹಿಮ ತಯಾರಿಸುತ್ತವೆ. ನಾನು ಮೊದಲ ದಿನ ಬಿದ್ದ ಹಿಮವೂ ಅರ್ಧ ಕಾರ್ಖಾನೆಯದೇ ಎಂದು ತಿಳಿದು ಸ್ವಲ್ಪ ಬೇಸರವಾಯಿತು.

ಐದನೆಯ ದಿನ ನಮ್ಮ ಪರೀಕ್ಷೆ. ೨೦೬೧ ಮೀಟರು ಎತ್ತರದ ಕ್ಲೈನೆ ಶೈಡೆಗ್ ಎಂಬ ಕಣಿವೆದಾರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸ್ಕೀ ಮಾಡುತ್ತ ಆಲ್ಪಿಗ್ಲೆನ್ ಎಂಬ ಸಣ್ಣ ನಿಲ್ದಾಣದವರೆಗೆ ಇಳಿದು, ಮತ್ತೆ ರೈಲು ಹಿಡಿಯುವುದೆಂದು ಇಂಜಿನಿಯರ ಯೋಜನೆ. ನಾನೂರು ಮೀಟರಿಗಿಂತ ಸ್ವಲ್ಪ ಹೆಚ್ಚಿನ ಇಳಿತ. ಸುಲಭವಾದ ದಾರಿಯೆಂದರು. ಶೈಡೆಗ್‌ನ ಆಚೆಯ ಮಗ್ಗುಲಿನಲ್ಲಿ, ವೆಂಗೆನ್ ಊರಿನ ಕಡೆಗೆ, ವರ್ಷವರ್ಷವೂ ಜನವರಿಯಲ್ಲಿ ನಡೆಯುವ ಲೌಬರ್‌ಹಾರ್ನ್ ಪಂದ್ಯಕ್ಕೆ ಸಿದ್ಧತೆ ನಡೆದಿತ್ತು. ಸುಮಾರು ನಾಲ್ಕೂವರೆ ಕಿಲೋಮೀಟರನ್ನು ಅವರು ಎರಡೂವರೆ ನಿಮಿಷದಲ್ಲಿ ಇಳಿಯುತ್ತಾರೆ. ೨೦೧೩ರಲ್ಲಿ ಫ್ರಾನ್ಸಿನ ಒಬ್ಬ ಆಟಗಾರ ಅಲ್ಲಿ ಗಂಟೆಗೆ ೧೬೧.೯ ಕಿಲೋಮೀಟರು ವೇಗ ಮುಟ್ಟಿದ. ನಮ್ಮ ವೇಗವನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಹೊರಟಾಗ ಬಿಸಿಲಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದಿತು. ಮಂಜೆಂದರೆ ನಮ್ಮ ಮಡಿಕೇರಿಯ ಮಂಜಿನಂತಲ್ಲ. ಅಲ್ಲಿ ಮರವಾದರೂ ಕಪ್ಪಾಗಿ ಕಾಣುತ್ತದೆ. ಇಲ್ಲಿ ನೆಲವೂ ಬಿಳಿ, ಗಾಳಿಯೂ ಬಿಳಿ. ಇಳಿಜಾರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ತಿಳಿಯದು. ನಿಂತಿದ್ದೇನೆಯೋ ಜಾರುತ್ತಿದ್ದೇನೆಯೋ ಅದೂ ತಿಳಿಯದು. ಇಂಜಿನಿಯರೂ ಮೇಷ್ಟ್ರೂ ಮುಂದೆ ಹೋಗಿದ್ದರು. ನಾನು ಹಿಂದಕ್ಕೆ ವಾಲಿದೆ, ಹಲಗೆಗಳು ಓಡಿದವು, ಏನಾಯಿತೆಂದು ತಿಳಿಯುವ ಮೊದಲೇ ತಲೆಕೆಳಗಾಗಿ ಹಿಮದೊಳಗಿದ್ದೆ. ಒಂದು ಹಲಗೆ ಕಳಚಿ ಎಲ್ಲಿಯೋ ಹೋಗಿತ್ತು. ಮೂಳೆ ಮುರಿದಿರಲಿಲ್ಲ. ಆದರೆ ಧೈರ್ಯ ಮುರಿದಿತ್ತು. ಇನ್ನೊಂದು ಹೆಜ್ಜೆಯೂ ಇಡಲಾರೆನೆಂದು ಅಲ್ಲಿಯೇ ಕುಳಿತೆ.

ಹಿಂದಿನಿಂದ ಡಾಕ್ಟರು ಬಂದು ನಿಂತರು. ಹಲಗೆಯನ್ನು ಹುಡುಕಿ ತಂದರು. ನನ್ನ ಮೊಣಕಾಲನ್ನು ಒತ್ತಿ ನೋಡಿ, "ಏನೂ ಆಗಿಲ್ಲ, ಏಳು" ಎಂದರು. ನಾನು ಏಳಲಿಲ್ಲ. ಅವರು ತಮ್ಮ ಹಲಗೆಗಳನ್ನೂ ಕಳಚಿ ಹಿಮದಲ್ಲಿ ನೆಟ್ಟು ನನ್ನ ಪಕ್ಕದಲ್ಲಿ ಕುಳಿತರು. ಕೈಗವಸುಗಳನ್ನು ತೆಗೆದು ಮೊಣಕಾಲ ಮೇಲೆ ಕೈಗಳನ್ನಿಟ್ಟುಕೊಂಡರು. ಎಡಗೈ ಸುಮ್ಮನಿತ್ತು. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ, ಗುಳಿಗೆಯನ್ನು ಉರುಳಿಸುತ್ತಿರುವಂತೆ, ಆಡುತ್ತಿತ್ತು.

"ಚಳಿಯೇನೋ?" ಎಂದೆ.

"ಅಲ್ಲ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಇದನ್ನು ಇಲ್ಲಿ ಬರೆಯಲು ಅವರೇ ಅನುಮತಿ ಕೊಟ್ಟಿದ್ದಾರೆ. "ಬರೆ, ಆದರೆ ಅಳಿಸುವಂತೆ ಬರೆಯಬೇಡ" ಎಂದಿದ್ದಾರೆ. ನಮ್ಮ ಹಿಂದಿನ ವೈದ್ಯರು ಕಂಪವಾತವೆನ್ನುತ್ತಿದ್ದ ರೋಗ. ೧೮೧೭ರಲ್ಲಿ ಅದನ್ನು ಕುರಿತು ಬರೆದ ಲಂಡನ್ನಿನ ವೈದ್ಯ ಪಾರ್ಕಿನ್ಸನ್ ಹೆಸರಿನಲ್ಲಿ ಈಗ ಕರೆಯುವುದು. ಮೊದಲು ಕಂಡದ್ದು ಕೈಯಲ್ಲಲ್ಲ, ಬರಹದಲ್ಲಿ. ಔಷಧದ ಚೀಟಿಯ ಅಕ್ಷರಗಳು ಸಾಲುಸಾಲಿಗೆ ಚಿಕ್ಕವಾಗುತ್ತ ಹೋದವು. ಆಮೇಲೆ ಒಂದು ದಿನ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಗಂಟು ಹಾಕುವಾಗ ಬೆರಳು ಒಂದು ಕ್ಷಣ ತಡವಾಯಿತು. "ರೋಗಿಗೆ ಏನೂ ಆಗಲಿಲ್ಲ. ಎದುರಿಗಿದ್ದ ಹುಡುಗನಿಗೆ ತಿಳಿಯಲೂ ಇಲ್ಲ. ನನಗೆ ತಿಳಿಯಿತು. ಆವತ್ತೇ ಕೈಗವಸು ಬಿಚ್ಚಿಟ್ಟೆ."

ನನಗೆ ಮಾತು ಹೊರಡಲಿಲ್ಲ. ಈ ಮನುಷ್ಯನ ಬರಹವನ್ನು ನೋಡಿ ಐದು ದಿನದ ಹಿಂದೆ ನಕ್ಕಿದ್ದೆ.

"ಈ ಊರು ನನಗೆ ಯಾಕೆ ಹಿಡಿಸಿತು ಗೊತ್ತೇನೋ?" ಎಂದರು. "ಇಲ್ಲಿ ಎಲ್ಲರ ಕೈಯೂ ನಡುಗುತ್ತದೆ. ಯಾರೂ ನೋಡುವುದಿಲ್ಲ. ಅದೂ ಅಲ್ಲದೆ, ಕೋಲು ಹಿಡಿದು ಇಳಿಯುವಾಗ ಇದು ನಿಂತುಬಿಡುತ್ತದೆ. ಸುಮ್ಮನೆ ಕೂತಾಗಲೇ ಇದರ ಕುಣಿತ." ಔಷಧಗಳಿವೆ, ಎಷ್ಟೋ ವರ್ಷ ಚೆನ್ನಾಗಿಯೇ ನಡೆಯುತ್ತದೆ ಎಂದು ನನಗೆ ಧೈರ್ಯ ಹೇಳಿದರು. ಬಿದ್ದು ಕುಳಿತಿದ್ದವನು ನಾನಷ್ಟೆ. "ಮೇಷ್ಟ್ರಿಗೆ ಮಾತ್ರ ಹೇಳಬೇಡ. ಮನೆಗೆ ಹೋದಮೇಲೆ ನಾನೇ ಹೇಳುತ್ತೇನೆ. ಅವನು ಅತ್ತುಬಿಡುತ್ತಾನೆ, ರಜೆ ಹಾಳಾಗುತ್ತದೆ."

ಆಮೇಲೆ ಎದ್ದು ಕೈಗವಸು ಹಾಕಿಕೊಂಡು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಇರಬಹುದಾದ ಧ್ವನಿಯಿಂದ ಅಪ್ಪಣೆ ಕೊಡಿಸಿದರು: "ನಾನು ಮುಂದೆ ಹೋಗುತ್ತೇನೆ. ಬೆಟ್ಟವನ್ನು ನೋಡಬೇಡ, ಮಂಜನ್ನು ನೋಡಬೇಡ. ನನ್ನ ಬೆನ್ನನ್ನು ನೋಡಿಕೊಂಡು ಬಾ. ನೇಗಿಲು ಬಿಡಬೇಡ." ಅವರ ಕೋಟು ಕೆಂಪು. ಆ ಬಿಳುಪಿನಲ್ಲಿ ಅದೊಂದೇ ಬಣ್ಣ. ಅವರು ಅಗಲವಾಗಿ ಎಡಕ್ಕೆ, ಅಗಲವಾಗಿ ಬಲಕ್ಕೆ, ಹಿಮದ ಮೇಲೆ ಗೆರೆ ಹಾಕುತ್ತ ಹೋದರು. ನಾನು ಆ ಗೆರೆಯ ಮೇಲೆಯೇ ಹೋದೆ. ಹತ್ತು ಮಾರಿಗೊಮ್ಮೆ ನಿಂತು ತಿರುಗಿ ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ ತಿಳಿಯದು. ರೈಲಿನ ಗಂಬಿಯ ಸದ್ದು ಕೇಳಿತು; ಮಂಜಿನಲ್ಲಿ ನಿಲ್ದಾಣದ ಮಾಡು ಕಾಣಿಸಿತು; ಅದರ ಕೆಳಗೆ ಮೇಷ್ಟ್ರು ಎರಡು ಕೈಯನ್ನೂ ಬೀಸುತ್ತ ಬೈಯುತ್ತಿದ್ದರು.

ಆ ಸಂಜೆ ಅಡಿಗೆಕೋಣೆಯಲ್ಲಿ ಬೆಚ್ಚಗೆ ಕುಳಿತಿದ್ದೆವು. ಫಿಲ್ಟರಿನ ಡಿಕಾಕ್ಷನ್ ಇಳಿದಿತ್ತು. ಮೇಷ್ಟ್ರು ನನಗೆ ಕಂಠಮಟ್ಟ ಹಾಕಿದರು. ಕ್ಷಮೆ ಸಿಕ್ಕಿದ್ದ ಇಂಜಿನಿಯರಿಗೂ ಕಂಠಮಟ್ಟ ಹಾಕಿದರು. ಡಾಕ್ಟರಿಗೆ ಅರ್ಧ. ನಾನು ಮೊದಲ ಬಾರಿಗೆ ಆ ಲೋಟವನ್ನು ನೋಡಿದೆ. ಮೇಷ್ಟ್ರ ಮುಖವನ್ನು ನೋಡಿದೆ. ಅವರು ಹಾಲಿನ ಪಾತ್ರೆಯ ಕಡೆಗೆ ತಿರುಗಿದ್ದರು. ಡಾಕ್ಟರೂ ಲೋಟವನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತಿದ್ದರು. ಆಮೇಲೆ ಬಲಗೈಯಿಂದಲೇ ಎತ್ತಿ ಕುಡಿದರು. ಕಾಫಿ ಅಲುಗಿತು, ಚೆಲ್ಲಲಿಲ್ಲ. ಮೇಷ್ಟ್ರು ಮತ್ತರ್ಧ ಹಾಕಿದರು. ಜಿಪುಣನೆಂದು ಯಾರೂ ಅನ್ನಲಿಲ್ಲ.

ಇನ್ನೆರಡು ದಿನ ಸ್ಕೀ ಮಾಡಿದೆವು. ಡಾಕ್ಟರು ನಮ್ಮನ್ನೆಲ್ಲ ಬಿಟ್ಟು ಕೆಂಪು ಗುರುತಿನ, ಎಂದರೆ ಸ್ವಲ್ಪ ಕಠಿನವಾದ, ದಾರಿಯಲ್ಲಿ ಇಂಜಿನಿಯರೊಡನೆ ಇಳಿದುಬಂದರು. ನಾನೂ ಮೇಷ್ಟ್ರೂ ಕೆಳಗೆ ಬೆಂಚಿನ ಮೇಲೆ ಅವಲಕ್ಕಿ ತಿನ್ನುತ್ತ ಅವರಿಗಾಗಿ ಕಾದಿದ್ದೆವು. ಆ ಹೊತ್ತಿನಲ್ಲಿ ಮೇಷ್ಟ್ರು ಕಣ್ಣೊರಸಿಕೊಂಡದ್ದನ್ನು ನಾನು ಕಾಣದವನಂತಿದ್ದೆ. ಬಿಸಿಲಿಗೆ ಹಿಮ ಕಣ್ಣು ಕುಕ್ಕುತ್ತದೆ.

ಹೊರಡುವ ದಿನ ಬೆಳಿಗ್ಗೆ ಬೂಟು ಹಲಗೆಗಳನ್ನು ಅಂಗಡಿಗೆ ಹಿಂದಿರುಗಿಸಿದೆವು. ಅದೇ ಹುಡುಗ ಎಲ್ಲವನ್ನೂ ಎಣಿಸಿಕೊಂಡು, ಮತ್ತೆ ಬರುವವರಿದ್ದರೆ ಅಳತೆಗಳನ್ನು ತೆಗೆದಿಟ್ಟಿರುತ್ತೇನೆ, ಆಗ ಹೊಸದಾಗಿ ಕಾಗದ ತುಂಬಬೇಕಾಗಿಲ್ಲ ಎಂದ. ನಾವು ಮೂವರೂ ಡಾಕ್ಟರ ಕಡೆ ನೋಡಿದೆವು. ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿ, ಹುಡುಗ ಸರಿಯಾಗಿ ಬರೆದುಕೊಂಡನೇ ಎಂದು ಬಗ್ಗಿ ನೋಡಿದರು.

"ಇವನದನ್ನೂ ಬರೆದುಕೊಳ್ಳಿ" ಎಂದು ನನ್ನನ್ನು ತೋರಿಸಿದರು.